ಕ್ಷಾರದ ಊಟ, ಆಮ್ಲದ ಊಟ: ಪಟ್ಟಿಯಲ್ಲಿ ಹುರುಳೆಷ್ಟು?

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಈಚೆಗೆ ಆರೋಗ್ಯದ ಬಗ್ಗೆ ಒಂದು ಉಪನ್ಯಾಸ ಏರ್ಪಡಿಸಿದ್ದರು. ಅನ್ನ, ಹಾಲು, ಮೊಟ್ಟೆ, ಮಾಂಸ ತಿಂದರೆ ರಕ್ತ ಆಮ್ಲೀಯವಾಗುತ್ತದೆ, ಮೂಳೆ ಸವೆಯುತ್ತದೆ, ಕ್ಯಾನ್ಸರಿಗೂ ಅದೇ ಮೂಲ ಎಂದರು. ಹುಳಿ ಹುಳಿಯಾದ ನಿಂಬೆರಸ ಮಾತ್ರ ಕ್ಷಾರವಂತೆ! ಕೊನೆಗೆ ಎಲ್ಲರಿಗೂ ಬಣ್ಣದ ಕಾಗದದ ಚೂರು ಕೊಟ್ಟು ಮೂತ್ರ ಪರೀಕ್ಷಿಸಿಕೊಳ್ಳಲು ಹೇಳಿದರು. ನನ್ನದು 5.5 ಬಂತು. ಇದು ಒಳ್ಳೆಯದಲ್ಲ ಎಂದು ಹೆದರಿಸಿ, ಲಕ್ಷ ರೂಪಾಯಿಯ ಕ್ಷಾರೀಯ ನೀರಿನ ಯಂತ್ರ ತೋರಿಸಿದರು. ನನಗೆ 56 ವರ್ಷ, ಹೇಳಿಕೊಳ್ಳುವಂಥ ಕಾಯಿಲೆ ಇಲ್ಲ. ಯಜಮಾನರಿಗೆ ಬಿಪಿ ಮಾತ್ರೆ ನಡೆಯುತ್ತಿದೆ. ನಾವು ಊಟ ಬದಲಿಸಬೇಕೇ? ಯಂತ್ರ ಕೊಳ್ಳಬೇಕೇ?

ಓದುಗರೊಬ್ಬರು, ದಾವಣಗೆರೆ

ಉತ್ತರ: ಯಂತ್ರದ ಯೋಚನೆ ಬಿಡಿ. ನಿಮಗೆ ಬಂದ 5.5 ಆರೋಗ್ಯವಂತರ ಮೂತ್ರದಲ್ಲಿ ದಿನಬೆಳಗಾದರೆ ಕಾಣುವ ಅಂಕಿ, ಅದಕ್ಕೆ ಹೆದರಬೇಕಾಗಿಲ್ಲ.

ಹಾಗೆಂದು ಉಪನ್ಯಾಸಕರು ಹೇಳಿದ್ದೆಲ್ಲ ಕಟ್ಟುಕತೆಯಲ್ಲ. ನಾವು ತಿನ್ನುವುದಕ್ಕೂ ದೇಹದ ಆಮ್ಲ–ಕ್ಷಾರದ ಲೆಕ್ಕಕ್ಕೂ ನಂಟಿದೆ. ವಿಜ್ಞಾನಿಗಳು ಅದನ್ನು ನೂರೈವತ್ತು ವರ್ಷಕ್ಕೂ ಹಿಂದಿನಿಂದ ಅಭ್ಯಾಸ ಮಾಡುತ್ತ ಬಂದಿದ್ದಾರೆ. ಆದರೆ ಆ ನಂಟಿನ ಗುರುತು ಸಿಗುವುದು ಮೂತ್ರದಲ್ಲಿ. ಕಿಡ್ನಿ ಮತ್ತು ಶ್ವಾಸಕೋಶ ಸರಿಯಾಗಿ ಕೆಲಸ ಮಾಡುತ್ತಿರುವವರ ರಕ್ತ, ಮುದ್ದೆ ತಿಂದರೂ ಬಿರಿಯಾನಿ ತಿಂದರೂ ತನ್ನ ಮಟ್ಟ ಬಿಟ್ಟು ಕದಲುವುದಿಲ್ಲ. ಕಿಡ್ನಿ ಸೋತವರ ವಿಚಾರ ಬೇರೆ. ಅವರಿಗೆ ತಟ್ಟೆಯಲ್ಲಿ ಏನಿದೆ ಎನ್ನುವುದು ಈ ವಿಷಯದಲ್ಲಿ ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. ತಮಾಷೆಯೆಂದರೆ, ಇಂಥ ಉಪನ್ಯಾಸಗಳಲ್ಲಿ ಯಾರೂ ಅವರ ಹೆಸರೆತ್ತುವುದಿಲ್ಲ.

ರಕ್ತದ ಮಟ್ಟ ಯಾವುದು?

ಆಮ್ಲ–ಕ್ಷಾರ ಅಳೆಯುವ ಪಿಎಚ್ ಎಂಬ ಮಾಪನವನ್ನು 1909ರಲ್ಲಿ ರೂಪಿಸಿದವರು ಡೆನ್ಮಾರ್ಕಿನ ಸೋರೆನ್ ಸೋರೆನ್‌ಸನ್. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯ ಅವರ ಕಾರ್ಯಕ್ಷೇತ್ರ. 7 ಎಂದರೆ ತಟಸ್ಥ. ಕೆಳಗಿಳಿದಷ್ಟೂ ಆಮ್ಲ, ಮೇಲೇರಿದಷ್ಟೂ ಕ್ಷಾರ. ಇಲ್ಲಿ ಒಂದು ಮೆಟ್ಟಿಲು ಇಳಿದರೆ ಆಮ್ಲ ಹತ್ತು ಪಟ್ಟು ಹೆಚ್ಚಿತೆಂದು ಅರ್ಥ. ನಿಂಬೆರಸ ಸುಮಾರು 2ರಿಂದ 2.5, ಹಾಲು 6.6ರ ಆಸುಪಾಸು, ಸಮುದ್ರದ ನೀರು 8.1ರ ಹತ್ತಿರ.

ನಮ್ಮ ಅಪಧಮನಿಯ ರಕ್ತ 7.35ರಿಂದ 7.45ರ ನಡುವೆ ಇರುತ್ತದೆ. ಅಂದರೆ ರಕ್ತ ಯಾವತ್ತೂ ತುಸು ಕ್ಷಾರೀಯವೇ, ಅದನ್ನು ಹೊಸದಾಗಿ ಕ್ಷಾರ ಮಾಡಬೇಕಾದ ಕೆಲಸವಿಲ್ಲ. 7.35ಕ್ಕಿಂತ ಇಳಿದರೆ ವೈದ್ಯರು ಆಸಿಡೋಸಿಸ್ ಎನ್ನುತ್ತಾರೆ, 7.45 ದಾಟಿದರೆ ಆಲ್ಕಲೋಸಿಸ್. 7.1ಕ್ಕೆ ಇಳಿದವರು ಸಾಮಾನ್ಯವಾಗಿ ತುರ್ತು ಚಿಕಿತ್ಸಾ ಘಟಕದಲ್ಲಿರುತ್ತಾರೆ, ಆಗಲೂ ಅವರ ರಕ್ತ ತಟಸ್ಥ ಗೆರೆಯ ಮೇಲೇ ಇರುತ್ತದೆ. 6.8ಕ್ಕಿಂತ ಕೆಳಗೆ ಅಥವಾ 7.8ಕ್ಕಿಂತ ಮೇಲೆ ಹೋದರೆ ಜೀವ ಉಳಿಯುವುದು ದುಸ್ತರ. ಅನ್ನ ಉಂಡವರ ರಕ್ತವೆಲ್ಲ ಆಮ್ಲೀಯವಾಗುವಂತಿದ್ದರೆ ನಮ್ಮ ಕರಾವಳಿಯೂ ಮಲೆನಾಡೂ ಎಂದೋ ಖಾಲಿಯಾಗಿರುತ್ತಿದ್ದವು.

ಈ ಮಟ್ಟವನ್ನು ಕಾಯುವವರು ಯಾರು?

ಜೀವಂತವಾಗಿರುವುದೇ ಆಮ್ಲ ತಯಾರಿಸುವ ಕೆಲಸ. ತಿಂದ ಅನ್ನ, ಎಣ್ಣೆ, ಬೇಳೆ ಎಲ್ಲವೂ ಜೀವಕೋಶಗಳಲ್ಲಿ ಉರಿದು ಶಕ್ತಿಯಾಗುವಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅದು ನೀರಿನೊಡನೆ ಸೇರಿದರೆ ಕಾರ್ಬಾನಿಕ್ ಆಮ್ಲ. ವಯಸ್ಕರೊಬ್ಬರ ದೇಹದಲ್ಲಿ ದಿನಕ್ಕೆ ಸುಮಾರು 15,000 ಮಿಲಿಮೋಲ್‌ನಷ್ಟು ಇಂಗಾಲದ ಡೈಆಕ್ಸೈಡ್ ಉತ್ಪತ್ತಿಯಾಗುತ್ತದೆ, ಅಷ್ಟೂ ಉಸಿರಿನ ಮೂಲಕ ಹೊರಗೆ ಹೋಗುತ್ತದೆ. ರಕ್ತದಲ್ಲಿ ಆಮ್ಲ ತುಸು ಏರಿದರೆ ಮಿದುಳಿನ ಉಸಿರಾಟದ ಕೇಂದ್ರಕ್ಕೆ ಸುಳಿವು ಸಿಗುತ್ತದೆ, ಉಸಿರು ಆಳವಾಗುತ್ತದೆ, ನಿಮಿಷಗಳಲ್ಲಿ ಲೆಕ್ಕ ಸರಿಯಾಗುತ್ತದೆ. ಬಸ್ಸಿಗೆಂದು ಓಡಿ ಏದುಸಿರು ಬಿಡುವಾಗ ಆಗುವ ಕೆಲಸದಲ್ಲಿ ಇದೂ ಒಂದು.

ಇನ್ನೊಂದು ಬಗೆಯ ಆಮ್ಲವಿದೆ, ಉಸಿರಿನಲ್ಲಿ ಹೋಗಲಾರದ್ದು. ಪ್ರೋಟೀನಿನಲ್ಲಿರುವ ಮಿಥಿಯೊನೀನ್, ಸಿಸ್ಟೀನ್ ಎಂಬ ಅಮೈನೋ ಆಮ್ಲಗಳಲ್ಲಿ ಗಂಧಕ ಇದೆ. ಅವು ಒಡೆದಾಗ ಆ ಗಂಧಕ ಸಲ್ಫ್ಯೂರಿಕ್ ಆಮ್ಲವಾಗುತ್ತದೆ. ಆಹಾರದ ರಂಜಕವೂ ಒಂದಿಷ್ಟು ಆಮ್ಲ ಸೇರಿಸುತ್ತದೆ. ಮಾಂಸ, ಮೊಟ್ಟೆ, ಧಾನ್ಯ ಹೆಚ್ಚಾಗಿರುವ ಊಟದಿಂದ ಹುಟ್ಟುವ ಈ ಆಮ್ಲ, ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ ಸುಮಾರು 1 ಮಿಲಿಮೋಲ್. ಅರವತ್ತು ಕಿಲೋ ತೂಗುವವರಿಗೆ ಅರವತ್ತು ಎಂದಿಟ್ಟುಕೊಳ್ಳಿ. ಉಸಿರಿನಲ್ಲಿ ಹೋಗುವ ಹದಿನೈದು ಸಾವಿರದ ಮುಂದೆ ಇದು ಏನೇನೂ ಅಲ್ಲ. ಆದರೂ ದಿನದಿನವೂ ಹೊರಹಾಕದಿದ್ದರೆ ಶೇಖರವಾಗುತ್ತದೆ. ಅದನ್ನು ಹೊರಹಾಕುವ ಹೊಣೆ ಕಿಡ್ನಿಯದು.

ಆಮ್ಲ ಹುಟ್ಟಿದ ಗಳಿಗೆಯಲ್ಲೇ ಅದನ್ನು ಹಿಡಿದಿಡುವುದು ರಕ್ತದಲ್ಲಿರುವ ಬೈಕಾರ್ಬೊನೇಟ್. ಲೀಟರಿಗೆ 22ರಿಂದ 26 ಮಿಲಿಮೋಲ್ ಇರುವುದು ಸಹಜ. ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ, ಅದರೊಂದಿಗೆ ಸೋರಿಹೋಗಬಹುದಾಗಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಮಿಲಿಮೋಲ್ ಬೈಕಾರ್ಬೊನೇಟನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ವಾಪಸು ಎಳೆದುಕೊಳ್ಳುತ್ತವೆ. ಜತೆಗೆ, ಖರ್ಚಾದಷ್ಟನ್ನು ಹೊಸದಾಗಿ ತಯಾರಿಸಿ ರಕ್ತಕ್ಕೆ ಸೇರಿಸುತ್ತವೆ. ಹೊರಹೋಗಬೇಕಾದ ಆಮ್ಲವನ್ನು ಫಾಸ್ಫೇಟ್ ಮತ್ತು ಅಮೋನಿಯದೊಡನೆ ಕಟ್ಟಿ ಮೂತ್ರಕ್ಕೆ ಕಳಿಸುತ್ತವೆ. ಆಮ್ಲ ಹೆಚ್ಚಾದರೆ ಕೆಲವು ದಿನಗಳಲ್ಲಿ ಅಮೋನಿಯದ ತಯಾರಿಕೆಯನ್ನು ಹಲವು ಪಟ್ಟು ಏರಿಸಿಕೊಳ್ಳುವ ಶಕ್ತಿಯೂ ಅವಕ್ಕಿದೆ. ಹೀಗಾಗಿ ಮಾಂಸದೂಟಕ್ಕೂ ಸೊಪ್ಪಿನೂಟಕ್ಕೂ ರಕ್ತದ ಪಿಎಚ್‌ನಲ್ಲಿ ವ್ಯತ್ಯಾಸ ಕಂಡರೂ ಅದು ದಶಮಾಂಶದ ಎರಡನೇ ಸ್ಥಾನದಲ್ಲಿ, ಸಹಜ ಮಿತಿಯ ಒಳಗೇ.

ಮೂತ್ರದ ಕಾಗದ ಏನು ಹೇಳುತ್ತದೆ?

ಮೂತ್ರದ ಪಿಎಚ್ 4.5ರಿಂದ 8ರವರೆಗೆ ಎಲ್ಲಿ ಬೇಕಾದರೂ ಇರಬಹುದು. 4.5 ಎಂದರೆ ರಕ್ತಕ್ಕಿಂತ ಸುಮಾರು 800 ಪಟ್ಟು ಹೆಚ್ಚು ಆಮ್ಲ. ಬೆಳಗಿನ ಮೊದಲ ಮೂತ್ರ ಸಾಮಾನ್ಯವಾಗಿ ಹೆಚ್ಚು ಆಮ್ಲೀಯ, ಊಟವಾದ ಸ್ವಲ್ಪ ಹೊತ್ತಿಗೆ ಆಮ್ಲ ಇಳಿದಿರುತ್ತದೆ. ನಿಮ್ಮ 5.5 ಹೇಳುವುದು ಇಷ್ಟೇ: ಕಿಡ್ನಿ ತನ್ನ ಪಾಲಿನ ಆಮ್ಲವನ್ನು ಹೊರಹಾಕುತ್ತಿದೆ. ಅದನ್ನು ನೋಡಿ ರಕ್ತ ಕೆಟ್ಟಿದೆ ಎನ್ನುವುದು, ತುಂಬಿದ ಕಸದ ಬುಟ್ಟಿ ನೋಡಿ ಆ ಮನೆಯನ್ನು ಗುಡಿಸುವುದೇ ಇಲ್ಲ ಎಂದಂತೆ. ರಕ್ತದ ಸ್ಥಿತಿ ನಿಜವಾಗಿ ತಿಳಿಯಬೇಕೆಂದರೆ ರಕ್ತದ ಬೈಕಾರ್ಬೊನೇಟ್ ನೋಡಬೇಕು, ತೀರಾ ಅಗತ್ಯ ಬಿದ್ದರೆ ಅಪಧಮನಿಯ ರಕ್ತ ತೆಗೆದು ಪರೀಕ್ಷಿಸಬೇಕು.

ಹುಳಿ ನಿಂಬೆ ಕ್ಷಾರವಾಗುವುದು ಹೇಗೆ?

ಇದು ನೀವು ಕೇಳಿದ್ದರಲ್ಲೇ ಸೊಗಸಾದ ಪ್ರಶ್ನೆ. ಉತ್ತರದ ಎಳೆ ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಕ್ಲೋದ್ ಬರ್ನಾರ್ ಅವರ ಮೊಲಗಳಿಂದ ಆರಂಭವಾಗುತ್ತದೆ. ಸೊಪ್ಪು ಮೇಯುವ ಮೊಲದ ಮೂತ್ರ ಕದಡಿದಂತಿದ್ದು ಕ್ಷಾರೀಯವಾಗಿರುತ್ತದೆ. ಒಮ್ಮೆ ಮಾರುಕಟ್ಟೆಯಿಂದ ಪ್ರಯೋಗಾಲಯಕ್ಕೆ ತಂದ ಮೊಲಗಳ ಮೂತ್ರ ತಿಳಿಯಾಗಿ, ಆಮ್ಲೀಯವಾಗಿ ಇದ್ದುದು ಅವರ ಕಣ್ಣಿಗೆ ಬಿತ್ತು. ಇವು ಬಹಳ ಹೊತ್ತಿನಿಂದ ಉಪವಾಸವಿದ್ದು ತಮ್ಮದೇ ಮೈಮಾಂಸ ಕರಗಿಸಿ ಬದುಕುತ್ತಿರಬೇಕು, ಆದ್ದರಿಂದ ಮಾಂಸಾಹಾರಿಗಳ ಮೂತ್ರದಂತಾಗಿದೆ ಎಂದು ಊಹಿಸಿದರು. ಹುಲ್ಲು ಹಾಕಿದರೆ ಮತ್ತೆ ಕ್ಷಾರ, ಉಪವಾಸ ಕೆಡವಿದರೆ ಮತ್ತೆ ಆಮ್ಲ. ಬೇಯಿಸಿದ ದನದ ಮಾಂಸ ತಿನ್ನಿಸಿ ನೋಡಿದಾಗಲೂ ಆಮ್ಲ. 1865ರಲ್ಲಿ ಬಂದ ತಮ್ಮ ಪ್ರಾಯೋಗಿಕ ವೈದ್ಯಶಾಸ್ತ್ರದ ಗ್ರಂಥದಲ್ಲಿ ಬರ್ನಾರ್ ಇದನ್ನು ವಿವರವಾಗಿ ಹೇಳಿದ್ದಾರೆ.

ಊಟ ಮೂತ್ರವನ್ನು ಬದಲಿಸುತ್ತದೆ ಎಂಬುದು ಹೀಗೆ ಖಚಿತವಾಯಿತು. ಮುಂದೆ ಆಹಾರವನ್ನು ಸುಟ್ಟು ಬೂದಿಯಲ್ಲಿ ಉಳಿಯುವ ಖನಿಜಗಳನ್ನು ಲೆಕ್ಕ ಹಾಕುವ ವಿಧಾನ ಬಂತು. ಅಮೆರಿಕದ ಹೆನ್ರಿ ಶೆರ್ಮನ್ ಮತ್ತು ಗೆಟ್ಲರ್ 1912ರಲ್ಲಿ ಅಂಥ ಪಟ್ಟಿ ಪ್ರಕಟಿಸಿದರು. ಗಂಧಕ, ರಂಜಕ, ಕ್ಲೋರಿನ್ ಮೇಲಾದರೆ ಆಮ್ಲದ ಆಹಾರ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಮೇಲಾದರೆ ಕ್ಷಾರದ ಆಹಾರ. ಇಂದು ವಾಟ್ಸಾಪಿನಲ್ಲಿ ಓಡಾಡುವ ಪಟ್ಟಿಗಳ ಮೂಲಪುರುಷ ಈ ಬೂದಿಯೇ.

ನಿಂಬೆಯ ಹುಳಿಗೆ ಕಾರಣ ಸಿಟ್ರಿಕ್ ಆಮ್ಲ. ದೇಹ ಅದನ್ನು ಪೂರ್ತಿ ಉರಿಸಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿಸುತ್ತದೆ. ಡೈಆಕ್ಸೈಡ್ ಉಸಿರಿನಲ್ಲಿ ಹೊರಟುಹೋಗುತ್ತದೆ. ಆದರೆ ನಿಂಬೆಯಲ್ಲಿರುವ ಸಿಟ್ರೇಟಿನ ಒಂದು ಪಾಲು ಪೊಟ್ಯಾಸಿಯಂ ಜತೆ ಲವಣರೂಪದಲ್ಲಿರುತ್ತದೆ. ಆ ಪಾಲು ಉರಿದಾಗ ಅದರ ಜಾಗದಲ್ಲಿ ಬೈಕಾರ್ಬೊನೇಟ್ ಉಳಿಯುತ್ತದೆ. ಬಾಯಿಗೆ ಹುಳಿ, ಕೊನೆಯ ಲೆಕ್ಕದಲ್ಲಿ ಕ್ಷಾರ. ಕಿತ್ತಳೆ, ಟೊಮೆಟೊ, ಬಾಳೆಹಣ್ಣು, ಸೊಪ್ಪುಗಳ ಕತೆಯೂ ಹೀಗೆಯೇ. ಉಪನ್ಯಾಸಕರು ಈ ಒಂದು ಮಾತನ್ನು ಸರಿಯಾಗಿಯೇ ಹೇಳಿದ್ದಾರೆ.

ರಾಗಿಯ ಅಂಕಿ

1995ರಲ್ಲಿ ಜರ್ಮನಿಯ ಡಾರ್ಟ್‌ಮಂಡಿನ ಥಾಮಸ್ ರೆಮರ್ ಮತ್ತು ಫ್ರೀಡ್ರಿಶ್ ಮಾನ್ಜ್ ಈ ಲೆಕ್ಕವನ್ನು ಸುಧಾರಿಸಿದರು. ಕರುಳು ಯಾವ ಖನಿಜವನ್ನು ಎಷ್ಟು ಹೀರಿಕೊಳ್ಳುತ್ತದೆ ಎನ್ನುವುದನ್ನೂ ಸೇರಿಸಿ, ಆಹಾರವೊಂದು ಕಿಡ್ನಿಯ ಮೇಲೆ ಎಷ್ಟು ಆಮ್ಲ ಹೊರಿಸಬಹುದು ಎಂಬ ಸೂತ್ರ ಕೊಟ್ಟರು. ಅದಕ್ಕೆ ಪ್ರಾಲ್ ಎಂದು ಹೆಸರು. ಅವರ ಪಟ್ಟಿಯಲ್ಲಿ ನೂರು ಗ್ರಾಂ ಕೋಳಿಮಾಂಸ 8.7, ಮೊಟ್ಟೆ 8.2, ಪಾರ್ಮೆಸಾನ್ ಚೀಸ್ 34.2. ಬಾಳೆಹಣ್ಣು ಮೈನಸ್ 5.5, ಪಾಲಕ್ ಮೈನಸ್ 14, ಒಣದ್ರಾಕ್ಷಿ ಮೈನಸ್ 21. ಮೈನಸ್ ಎಂದರೆ ಕ್ಷಾರದ ಕಡೆ. ನಿಮ್ಮಲ್ಲಿ ಅಪರಾಧಿಯೆಂದು ನಿಲ್ಲಿಸಿದ ಹಾಲು ಬರೀ 0.7, ಹೆಚ್ಚುಕಡಿಮೆ ತಟಸ್ಥ.

ಆ ಪಟ್ಟಿಯಲ್ಲಿ ನಮ್ಮ ರಾಗಿ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಕೋಷ್ಟಕದ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ, ರಂಜಕ 210 ಮಿಲಿಗ್ರಾಂ, ಪೊಟ್ಯಾಸಿಯಂ 443, ಮೆಗ್ನೀಸಿಯಂ 146, ಕ್ಯಾಲ್ಸಿಯಂ 364. ಇವನ್ನು ಸೂತ್ರಕ್ಕೆ ಹಾಕಿದರೆ ಸುಮಾರು ಮೈನಸ್ 6.5 ಬರುತ್ತದೆ. ಬಿಳಿ ಅಕ್ಕಿಗೆ ಸುಮಾರು ಪ್ಲಸ್ 4.6. ಧಾನ್ಯಗಳೆಲ್ಲ ಆಮ್ಲದ ಸಾಲಿನಲ್ಲಿ ಕುಳಿತಿರುವಾಗ ರಾಗಿ ಮಾತ್ರ ಕ್ಯಾಲ್ಸಿಯಂ ಬಲದಿಂದ ಆಚೆ ಸಾಲಿಗೆ ಹೋಗುತ್ತದೆ. ತೊಗರಿಬೇಳೆಯಲ್ಲಿ ಪ್ರೋಟೀನ್ ಹೆಚ್ಚಿದ್ದರೂ ಪೊಟ್ಯಾಸಿಯಂ ಅದಕ್ಕೂ ಮಿಗಿಲಾಗಿರುವುದರಿಂದ ಅದೂ ಮೈನಸ್ಸೇ. ಹುಣಸೆಹಣ್ಣಿನದೂ ಅಷ್ಟೇ. ಹಾಗಾದರೆ ಮುದ್ದೆ, ಸೊಪ್ಪಿನ ಸಾರು ಉಣ್ಣುವವರು ಯಾವ ಯಂತ್ರವೂ ಇಲ್ಲದೆ ಕ್ಷಾರದ ಊಟವನ್ನೇ ಮಾಡುತ್ತಿದ್ದಾರೆ.

ಆದರೆ ಈ ಅಂಕಿಗಳನ್ನು ಹಿಡಿದು ಅಡುಗೆಮನೆಗೆ ಹೋಗಬೇಡಿ. ಸೂತ್ರ ನಿಂತಿರುವುದು ಸರಾಸರಿಯ ಮೇಲೆ. ರಾಗಿಯಲ್ಲಿರುವ ಫೈಟೇಟ್ ಕ್ಯಾಲ್ಸಿಯಮ್ಮನ್ನು ಕರುಳಿನಲ್ಲೇ ಕಟ್ಟಿಹಾಕುತ್ತದೆ, ಹೀಗಾಗಿ ನಿಜವಾಗಿ ದಕ್ಕುವುದು ಸೂತ್ರ ಹೇಳಿದ್ದಕ್ಕಿಂತ ಕಡಿಮೆ ಇರಬಹುದು. ಅದಕ್ಕಿಂತ ಮುಖ್ಯವಾಗಿ, ಮೈನಸ್ ಎಂದ ಮಾತ್ರಕ್ಕೆ ಒಳ್ಳೆಯದು, ಪ್ಲಸ್ ಎಂದ ಮಾತ್ರಕ್ಕೆ ಕೆಟ್ಟದ್ದು ಎಂದಾಗುವುದಿಲ್ಲ. ಮೊಟ್ಟೆಯ ಪ್ರೋಟೀನ್ ಬೆಳೆಯುವ ಮಗುವಿಗೂ, ಸ್ನಾಯು ಕರಗುತ್ತಿರುವ ವೃದ್ಧರಿಗೂ ಬೇಕು.

ಮೂಳೆ ಸವೆಯುತ್ತದೆಯೇ?

ವಾದ ಹೀಗಿತ್ತು: ಪ್ರೋಟೀನ್ ಹೆಚ್ಚು ತಿಂದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ, ಆಮ್ಲವನ್ನು ಶಮನ ಮಾಡಲು ಮೂಳೆ ಕರಗಿರುವುದೇ ಅದಕ್ಕೆ ಕಾರಣ. ಮೊದಲ ಅರ್ಧ ನಿಜ. ಎರಡನೆಯ ಅರ್ಧ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಪ್ರೋಟೀನ್ ಹೆಚ್ಚಾದಾಗ ಕರುಳು ಊಟದಿಂದ ಹೆಚ್ಚು ಕ್ಯಾಲ್ಸಿಯಂ ಹೀರಿಕೊಳ್ಳುತ್ತದೆ, ಮೂತ್ರದಲ್ಲಿ ಕಂಡ ಹೆಚ್ಚುವರಿಯ ದೊಡ್ಡ ಪಾಲು ಅಲ್ಲಿಂದ ಬಂದದ್ದು ಎಂದು ನಂತರದ ಅಧ್ಯಯನಗಳು ತೋರಿಸಿದವು. ಕೆನಡಾದ ಟಾನಿಸ್ ಫೆಂಟನ್ ಮತ್ತು ಸಂಗಡಿಗರು ಲಭ್ಯವಿದ್ದ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ 2009 ಮತ್ತು 2011ರಲ್ಲಿ ಪರಿಶೀಲಿಸಿದರು. ಊಟದ ಆಮ್ಲದಿಂದ ಮೂಳೆ ಸವೆಯುತ್ತದೆ, ಕ್ಷಾರದೂಟ ಮೂಳೆ ಉಳಿಸುತ್ತದೆ ಎಂಬುದಕ್ಕೆ ಅವರಿಗೆ ಆಧಾರ ಸಿಗಲಿಲ್ಲ.

ವರ್ಷಗಟ್ಟಲೆ ರಕ್ತದಲ್ಲೇ ಆಮ್ಲ ನಿಂತುಬಿಟ್ಟ ಕಿಡ್ನಿ ರೋಗಿಗಳಲ್ಲಿ ಮಾತ್ರ ಮೂಳೆಗೆ ನಿಜವಾದ ಪೆಟ್ಟು ಬೀಳುತ್ತದೆ. ಅಲ್ಲಿ ಆಮ್ಲ ಉಳಿಯುವುದು ಕಿಡ್ನಿ ಸೋತದ್ದರಿಂದ. ಋತುಬಂಧ ದಾಟಿದ ನಿಮ್ಮ ವಯಸ್ಸಿನವರಿಗೆ ಮೂಳೆಯ ವಿಷಯದಲ್ಲಿ ಬೇಕಾದುದು ಸಾಕಷ್ಟು ಕ್ಯಾಲ್ಸಿಯಂ, ವಿಟಮಿನ್ ಡಿ, ಪ್ರೋಟೀನ್ ಮತ್ತು ಮೈ ಮುರಿದು ಮಾಡುವ ಕೆಲಸ. ಆಮ್ಲದ ಭಯಕ್ಕೆ ಹಾಲು, ಬೇಳೆ ಬಿಟ್ಟರೆ ನಷ್ಟ ಮೂಳೆಗೇ.

ಕ್ಯಾನ್ಸರಿನ ಮಾತು

ಇಂಥ ಕಡೆಗಳಲ್ಲಿ ಜರ್ಮನಿಯ ಆಟೊ ವಾರ್‌ಬರ್ಗ್ ಹೆಸರು ತಪ್ಪದೆ ಬರುತ್ತದೆ. ಕ್ಷಾರದಲ್ಲಿ ಕ್ಯಾನ್ಸರ್ ಬದುಕದು ಎಂದು ಕಂಡುಹಿಡಿದು ಅವರು ನೊಬೆಲ್ ಪಡೆದರು ಎಂಬ ಸಂದೇಶ ನಿಮಗೂ ಬಂದಿರಬಹುದು. ವಾರ್‌ಬರ್ಗ್‌ಗೆ 1931ರಲ್ಲಿ ನೊಬೆಲ್ ಬಂದದ್ದು ಜೀವಕೋಶದ ಉಸಿರಾಟದ ಕಿಣ್ವವನ್ನು ಕುರಿತ ಸಂಶೋಧನೆಗೆ. ಕ್ಯಾನ್ಸರ್ ಕೋಶಗಳು ಆಮ್ಲಜನಕ ಇದ್ದಾಗಲೂ ಗ್ಲೂಕೋಸನ್ನು ಹುದುಗಿಸಿ ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ ಎಂಬುದನ್ನು ಅವರು 1920ರ ದಶಕದಲ್ಲಿ ಗುರುತಿಸಿದ್ದು ನಿಜ. ಅಂದರೆ ಗಡ್ಡೆಯ ಸುತ್ತಲಿನ ಆಮ್ಲವನ್ನು ಉಂಟುಮಾಡುವುದು ಗಡ್ಡೆಯೇ. ಆ ಕೋಶಗಳ ಒಳಗಾದರೋ ಪಿಎಚ್ ಕ್ಷಾರದ ಕಡೆಗೇ ಇರುತ್ತದೆ. ತಿಂದ ಸೌತೆಕಾಯಿ ಗಡ್ಡೆಯ ಸುತ್ತಲಿನ ಪಿಎಚ್ ಬದಲಿಸಲಾರದು.

ಈ ನಂಬಿಕೆಯನ್ನು ವ್ಯಾಪಾರ ಮಾಡಿದವರಲ್ಲಿ ಪ್ರಸಿದ್ಧರು ಅಮೆರಿಕದ ರಾಬರ್ಟ್ ಯಂಗ್. 2002ರಲ್ಲಿ ಬಂದ ಅವರ ‘ದ ಪಿಎಚ್ ಮಿರಾಕಲ್’ ಪುಸ್ತಕ ಲಕ್ಷಾಂತರ ಮನೆಗಳನ್ನು ತಲುಪಿತು. ವೈದ್ಯ ಪರವಾನಗಿ ಇಲ್ಲದೆ ಚಿಕಿತ್ಸೆ ಮಾಡಿದ ಅಪರಾಧ 2016ರಲ್ಲಿ ಸಾಬೀತಾಗಿ ಮರುವರ್ಷ ಅವರಿಗೆ ಜೈಲು ಶಿಕ್ಷೆಯಾಯಿತು. ಅವರ ಮಾತು ನಂಬಿ ಸ್ತನ ಕ್ಯಾನ್ಸರಿನ ಚಿಕಿತ್ಸೆ ಕೈಬಿಟ್ಟ ಮಹಿಳೆಯೊಬ್ಬರು ಹೂಡಿದ ದಾವೆಯಲ್ಲಿ 10.5 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ಸ್ಯಾನ್ ಡಿಯಾಗೊದ ನ್ಯಾಯಮಂಡಳಿ 2018ರಲ್ಲಿ ತೀರ್ಪಿತ್ತಿತು. ಆ ಮಹಿಳೆಯ ಕ್ಯಾನ್ಸರ್ ಅಷ್ಟರಲ್ಲಿ ಬಲಿತು ಹರಡಿತ್ತು.

ಊಟ ನಿಜಕ್ಕೂ ಲೆಕ್ಕಕ್ಕೆ ಬರುವುದು ಎಲ್ಲಿ?

ಮೊದಲನೆಯದು ದೀರ್ಘಕಾಲದ ಕಿಡ್ನಿ ಕಾಯಿಲೆ. ಕಿಡ್ನಿಯ ಶಕ್ತಿ ಕುಂದುತ್ತ ಹೋದಂತೆ ಅಮೋನಿಯ ತಯಾರಿಸುವ ಸಾಮರ್ಥ್ಯ ಕಡಿಮೆಯಾಗುತ್ತದೆ, ದಿನದ ಅರವತ್ತೋ ಎಪ್ಪತ್ತೋ ಮಿಲಿಮೋಲ್ ಆಮ್ಲದಲ್ಲಿ ಒಂದಿಷ್ಟು ಒಳಗೇ ಉಳಿಯುತ್ತದೆ. ರಕ್ತದ ಬೈಕಾರ್ಬೊನೇಟ್ 22ಕ್ಕಿಂತ ಕೆಳಗಿಳಿಯುತ್ತದೆ. ಇದು ಸ್ನಾಯುವನ್ನೂ ಮೂಳೆಯನ್ನೂ ಉಳಿದ ಕಿಡ್ನಿಯನ್ನೂ ಹಾಳುಮಾಡುತ್ತದೆ. ಇಂಥವರಿಗೆ ವೈದ್ಯರು ಸೋಡಿಯಂ ಬೈಕಾರ್ಬೊನೇಟ್ ಮಾತ್ರೆ ಕೊಡುವುದುಂಟು. ಅಮೆರಿಕದ ಟೆಕ್ಸಾಸಿನಲ್ಲಿ ನಿಮ್ರಿತ್ ಗೊರಾಯ, ಡೊನಾಲ್ಡ್ ವೆಸ್ಸನ್ ಮತ್ತು ಸಂಗಡಿಗರು ನಾಲ್ಕನೇ ಹಂತದ ಕಿಡ್ನಿ ರೋಗಿಗಳಲ್ಲಿ ಒಂದು ವರ್ಷ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಲೆಕ್ಕಹಾಕಿ ಕೊಟ್ಟ ಹಣ್ಣು–ತರಕಾರಿಗಳಿಂದಲೂ ಬೈಕಾರ್ಬೊನೇಟ್ ಮಟ್ಟ ಸುಧಾರಿಸಿತು. ಆದರೆ ಅದಕ್ಕೆ ಆರಿಸಿಕೊಂಡದ್ದು ಪೊಟ್ಯಾಸಿಯಂ ಏರುವ ಅಪಾಯ ಕಡಿಮೆ ಇದ್ದವರನ್ನು. ಕ್ಷಾರದ ಆಹಾರವೆಂದರೆ ಬಹುಪಾಲು ಪೊಟ್ಯಾಸಿಯಂ ತುಂಬಿದ ಆಹಾರ. ಕಿಡ್ನಿ ಸೋತವರಲ್ಲಿ ಪೊಟ್ಯಾಸಿಯಂ ಮಿತಿಮೀರಿದರೆ ಹೃದಯ ಬಡಿತವೇ ತಪ್ಪಬಹುದು. ಒಳ್ಳೆಯದೆಂದು ದಿನಾ ಎಳನೀರು ಕುಡಿಯುವುದು ಅವರಿಗೆ ಅಪಾಯಕಾರಿ.

ಇಲ್ಲಿ ನಿಮ್ಮ ಯಜಮಾನರ ವಿಷಯ ಬರುತ್ತದೆ. ಟೆಲ್ಮಿಸಾರ್ಟನ್, ಎನಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್‌ನಂಥ ಬಿಪಿ ಔಷಧಗಳೂ ಪೊಟ್ಯಾಸಿಯಂ ಏರಿಸುತ್ತವೆ. ಕಿಡ್ನಿ ಸರಿಯಿದ್ದರೆ ಸೊಪ್ಪು, ಹಣ್ಣಿಗೆ ಅಡ್ಡಿಯಿಲ್ಲ. ಕಿಡ್ನಿ ಸರಿಯಿದೆಯೇ ಎಂದು ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷೆಯಿಂದ ಖಚಿತ ಮಾಡಿಕೊಂಡಿರಬೇಕು ಅಷ್ಟೇ. ಉಪ್ಪಿನ ಬದಲಿಗೆ ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲೂ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ವೈದ್ಯರನ್ನು ಕೇಳದೆ ಅದಕ್ಕೆ ಹೋಗಬೇಡಿ.

ಎರಡನೆಯದು ಕಿಡ್ನಿ ಕಲ್ಲು. ಯೂರಿಕ್ ಆಮ್ಲದ ಕಲ್ಲುಗಳು ಕಟ್ಟುವುದು ಮೂತ್ರದ ಪಿಎಚ್ 5.5ಕ್ಕಿಂತ ಕೆಳಗೇ ನಿಂತಾಗ. ಪೊಟ್ಯಾಸಿಯಂ ಸಿಟ್ರೇಟ್ ಕೊಟ್ಟು ಮೂತ್ರವನ್ನು 6ರ ಮೇಲೆ ಇಟ್ಟರೆ ಇಂಥ ಕಲ್ಲು ಕರಗುವುದೂ ಉಂಟು. ಕ್ಯಾಲ್ಸಿಯಂ ಕಲ್ಲು ಕಟ್ಟದಂತೆ ತಡೆಯಲೂ ಮೂತ್ರದ ಸಿಟ್ರೇಟ್ ನೆರವಾಗುತ್ತದೆ, ನಿಂಬೆ ಪಾನಕಕ್ಕೆ ವೈದ್ಯರ ಒಪ್ಪಿಗೆ ಸಿಗುವುದು ಅದಕ್ಕೇ. ಹಾಗೆಂದು ಕ್ಷಾರ ಹೆಚ್ಚಿದಷ್ಟೂ ಲೇಸೆಂದಲ್ಲ. ಮೂತ್ರ 7 ದಾಟಿದರೆ ಕ್ಯಾಲ್ಸಿಯಂ ಫಾಸ್ಫೇಟಿನ ಕಲ್ಲು ಕಟ್ಟಲು ದಾರಿಯಾಗುತ್ತದೆ. ಯಾವ ಕಲ್ಲು ಎಂದು ತಿಳಿಯದೆ ಚಿಕಿತ್ಸೆಯಿಲ್ಲ.

ಮೂರನೆಯದು ಸಕ್ಕರೆ ಕಾಯಿಲೆ. ನಿಮಗೆ ಅದಿಲ್ಲ ಎಂದಿದ್ದೀರಿ, ಇದ್ದವರು ಓದುತ್ತಿರಬಹುದು. ಇನ್ಸುಲಿನ್ ತೀರಾ ಕಡಿಮೆಯಾದರೆ ದೇಹ ಕೊಬ್ಬನ್ನು ಒಡೆದು ಕೀಟೋನ್ ಆಮ್ಲಗಳನ್ನು ರಾಶಿ ಹಾಕುತ್ತದೆ, ರಕ್ತದ ಪಿಎಚ್ 7.3ಕ್ಕಿಂತ ಕೆಳಗಿಳಿಯುತ್ತದೆ. ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರು ಇದರ ಗುರುತು. ಆಸ್ಪತ್ರೆಯಲ್ಲಿ ಇನ್ಸುಲಿನ್ ಮತ್ತು ಡ್ರಿಪ್ ಕೊಡದೆ ಇದು ಇಳಿಯುವುದಿಲ್ಲ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ನುಂಗುವವರು ಕೀಟೋ ಪಥ್ಯ ಹಿಡಿದರೆ ಅಥವಾ ಕಟ್ಟುನಿಟ್ಟಿನ ಉಪವಾಸ ಮಾಡಿದರೆ, ರಕ್ತದ ಸಕ್ಕರೆ ಅಷ್ಟೇನೂ ಏರದೆಯೂ ಹೀಗಾಗಬಹುದು. ವೈದ್ಯರಿಗೆ ತಿಳಿಸದೆ ಎರಡನ್ನೂ ಮಾಡಬೇಡಿ.

ಕ್ಷಾರ ಹೆಚ್ಚಾದರೆ ತೊಂದರೆಯಿಲ್ಲವೇ?

ಇದೆ, ಚರಿತ್ರೆಯಲ್ಲಿ ದಾಖಲೆಯೂ ಇದೆ. ಶಿಕಾಗೊದ ಬರ್ಟ್ರಮ್ ಸಿಪ್ಪಿ 1915ರಲ್ಲಿ ಹೊಟ್ಟೆಹುಣ್ಣಿಗೆ ಹಾಲು ಮತ್ತು ಕ್ಷಾರದ ಪುಡಿಯನ್ನು ಗಂಟೆಗಂಟೆಗೂ ಕೊಡುವ ಚಿಕಿತ್ಸೆ ಪ್ರಕಟಿಸಿದರು, ಅದು ಬಹಳ ಜನಪ್ರಿಯವಾಯಿತು. ಕೆಲವೇ ವರ್ಷಗಳಲ್ಲಿ ತಲೆನೋವು, ವಾಂತಿ, ಕಿಡ್ನಿಗೆ ಹಾನಿಯಾದ ರೋಗಿಗಳು ಕಾಣಿಸಿಕೊಂಡರು. ಮಿಲ್ಕ್–ಆಲ್ಕಲಿ ಸಿಂಡ್ರೋಮ್ ಎಂಬ ಹೆಸರು ಬಂದದ್ದು ಹಾಗೆ. ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಯನ್ನು ಲೆಕ್ಕವಿಲ್ಲದೆ ನುಂಗುವವರಲ್ಲಿ ಇಂದಿಗೂ ಇದು ಕಾಣುತ್ತದೆ.

ಅಡುಗೆ ಸೋಡಾ ನೀರಿಗೆ ಹಾಕಿ ಕುಡಿಯುವ ಸಲಹೆಯೂ ಓಡಾಡುತ್ತಿದೆ. ಒಂದು ಟೀ ಚಮಚ ಸೋಡಾದಲ್ಲಿ ಸುಮಾರು 1,200 ಮಿಲಿಗ್ರಾಂ ಸೋಡಿಯಂ ಇದೆ. ಇಡೀ ದಿನಕ್ಕೆ 2,000 ಮಿಲಿಗ್ರಾಂ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಿಪಿ ಇರುವ ನಿಮ್ಮ ಯಜಮಾನರಿಗೆ ಇದಂತೂ ಬೇಡವೇ ಬೇಡ.

ಇನ್ನು ಆ ಯಂತ್ರ

ಪಿಎಚ್ 9 ಇರುವ ಒಂದು ಲೀಟರ್ ನೀರಿನಲ್ಲಿ, ಬರೀ ಪಿಎಚ್ ಲೆಕ್ಕ ಹಿಡಿದರೆ, ಇರುವ ಕ್ಷಾರ 0.01 ಮಿಲಿಮೋಲ್. ಜಠರದ ರಸದ ಪಿಎಚ್ 1.5ರಿಂದ 3.5. ದಿನಕ್ಕೆ ಒಂದೂವರೆ–ಎರಡು ಲೀಟರಿನಷ್ಟು ಆ ರಸ ಸುರಿಯುತ್ತದೆ. ನಿಮ್ಮ ಒಂದು ಲೀಟರ್ ಕ್ಷಾರೀಯ ನೀರನ್ನು ತಟಸ್ಥ ಮಾಡಲು ಅದರ ಕೆಲವೇ ಹನಿಗಳು ಸಾಕು. ನೀರಿನಲ್ಲಿ ಕರಗಿದ ಬೈಕಾರ್ಬೊನೇಟ್ ಇದ್ದರೆ ಇನ್ನಷ್ಟು ರಸ ಬೇಕಾದೀತು, ಜಠರಕ್ಕೆ ಅದಕ್ಕೇನೂ ಬಡತನವಿಲ್ಲ. ಭಾರತೀಯ ಮಾನಕ ಬ್ಯೂರೊದ ಐಎಸ್ 10500 ಮಾನದಂಡದ ಪ್ರಕಾರ ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರ ಒಳಗಿರಬೇಕು. ಲಕ್ಷ ಕೊಟ್ಟು ಆ ಮಿತಿ ದಾಟುವ ನೀರು ಕುಡಿಯುವುದರಲ್ಲಿ ಯಾವ ಜಾಣತನವೂ ಇಲ್ಲ.

ಎದೆಯುರಿ, ಹುಳಿತೇಗು ಇರುವವರು ರಕ್ತ ಆಮ್ಲೀಯವಾಗಿದೆ ಎಂದುಕೊಳ್ಳುವುದೂ ಉಂಟು. ಜಠರದ ಆಮ್ಲ ಅಲ್ಲಿರಲೇಬೇಕಾದದ್ದು. ಅದು ಮೇಲಕ್ಕೆ ಅನ್ನನಾಳಕ್ಕೆ ನುಗ್ಗಿದಾಗ ಉರಿಯಾಗುತ್ತದೆ, ರಕ್ತಕ್ಕೂ ಅದಕ್ಕೂ ಸಂಬಂಧವಿಲ್ಲ. ರಾತ್ರಿ ಬೇಗ ಉಣ್ಣುವುದು, ಉಂಡ ಕೂಡಲೇ ಮಲಗದಿರುವುದು, ಹೊಟ್ಟೆಯ ಬೊಜ್ಜು ಇಳಿಸುವುದು ಅದಕ್ಕೆ ಮದ್ದು.

ಹಾಗಾದರೆ ಊಟ ಬದಲಿಸಬೇಕೇ?

ಪಿಎಚ್ ಹೆಸರಿನಲ್ಲಿ ಬದಲಿಸಬೇಕಾಗಿಲ್ಲ. ಬಿಪಿ ಹೆಸರಿನಲ್ಲಿ ಬದಲಿಸಿದರೆ ಲಾಭವಿದೆ. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಡ್ಯಾಶ್ ಪ್ರಯೋಗದಲ್ಲಿ, ಹಣ್ಣು, ತರಕಾರಿ, ಕೊಬ್ಬು ತೆಗೆದ ಹಾಲು–ಮೊಸರು ಹೆಚ್ಚಿಗೆ ಉಂಡ ಬಿಪಿ ರೋಗಿಗಳ ರಕ್ತದೊತ್ತಡದ ಮೇಲಿನ ಅಂಕಿ ಸರಾಸರಿ 11.4ರಷ್ಟು ಇಳಿಯಿತು, ಒಂದು ಮಾತ್ರೆಯಿಂದ ಆಗುವಷ್ಟು. ಕ್ಷಾರದ ಊಟ ಹಿಡಿದವರಿಗೆ ಮೈ ಹಗುರಾಯಿತು ಎನ್ನಿಸುವುದು ಸುಳ್ಳಲ್ಲ. ಕರಿದದ್ದು, ಸಿಹಿ ಪಾನೀಯ, ಬೇಕರಿ ತಿಂಡಿ ಬಿಟ್ಟು ಸೊಪ್ಪು–ಹಣ್ಣು ತಿಂದವರಿಗೆ ನಾರು, ಪೊಟ್ಯಾಸಿಯಂ, ವಿಟಮಿನ್ ಸಿಗುತ್ತವೆ, ಉಪ್ಪು, ಸಕ್ಕರೆ ಕಡಿಮೆಯಾಗುತ್ತದೆ. ಲಾಭ ಬಂದದ್ದು ಅಲ್ಲಿಂದ, ಹೆಸರು ಹೋದದ್ದು ಪಿಎಚ್‌ಗೆ.

ಅನ್ನ, ಹಾಲು, ಮೊಟ್ಟೆ ಬಿಡಬೇಡಿ. ತಟ್ಟೆಯ ಅರ್ಧ ಭಾಗ ಸೊಪ್ಪು, ತರಕಾರಿ, ಕಾಳಿಗೆ ಇರಲಿ. ವಾರದಲ್ಲಿ ಕೆಲವು ದಿನ ಮುದ್ದೆಯೋ ಜೋಳದ ರೊಟ್ಟಿಯೋ ಆಗಲಿ, ಉಪ್ಪಿನಕಾಯಿ, ಹಪ್ಪಳಕ್ಕೆ ಮಿತಿಯಿರಲಿ. ಯಂತ್ರಕ್ಕೆಂದು ಎತ್ತಿಟ್ಟ ಹಣದಲ್ಲಿ ಒಂದಿಷ್ಟು ತೆಗೆದು ಯಜಮಾನರ ಕ್ರಿಯಾಟಿನಿನ್, ಪೊಟ್ಯಾಸಿಯಂ, ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಿ, ವರ್ಷಕ್ಕೊಮ್ಮೆ ತಪ್ಪದೆ ಮಾಡಿಸುತ್ತಿರಿ. ರಕ್ತದ ಆಮ್ಲ–ಕ್ಷಾರ ಕಾಯುತ್ತಿರುವುದು ಆ ಎರಡು ಕಿಡ್ನಿಗಳು. ಬಿಪಿ ಹತೋಟಿಯಲ್ಲಿಟ್ಟು ಅವನ್ನು ಉಳಿಸಿಕೊಂಡರೆ ಉಳಿದ ಲೆಕ್ಕವನ್ನು ಅವೇ ನೋಡಿಕೊಳ್ಳುತ್ತವೆ.